ಕಪ್ಪೆಗೊಂದು ನಕ್ಷೆ

ಮೈಗೆ ಸರಿಯಾಗಿ ಕೂರುವ ಬಟ್ಟೆ ಹಾಕಿಕೊಂಡವರನ್ನು ಕಂಡರೆ ನನಗೆ ಇವತ್ತಿಗೂ ಒಂದು ಬಗೆಯ ಅನುಮಾನ. ಇವರ ಮನೆಯಲ್ಲಿ ಹಿರಿಯರು ಯಾರೂ ಇಲ್ಲವೇ, ಇದ್ದಿದ್ದರೆ ಹೀಗೆ ಅಳತೆಗೆ ತಕ್ಕಂತೆ ಹೊಲಿಸಲು ಬಿಡುತ್ತಿದ್ದರೇ ಎನ್ನಿಸುತ್ತದೆ. ಕಲಬುರಗಿ ಕಡೆಯ ನಮ್ಮ ಮನೆಯಲ್ಲಿ ಬಟ್ಟೆ ಹೊಲಿಸುತ್ತಿದ್ದದ್ದು ಎದುರಿಗೆ ನಿಂತ ಮಗುವಿಗಲ್ಲ, ಮುಂದೊಂದು ದಿನ ಬರಲಿರುವ ಮಗುವಿಗೆ. ದರ್ಜಿ ನನ್ನ ಎದೆಗೆ ಟೇಪು ಸುತ್ತಿದಾಗ ಅಪ್ಪ ಪಕ್ಕದಲ್ಲಿ ನಿಂತು, "ಸಡ್ಲ ಇರ್ಲಿ, ಬೆಳ್ಯೋ ಹುಡ್ಗ" ಎನ್ನುತ್ತಿದ್ದರು. ದರ್ಜಿ ಅಪ್ಪನ ಮುಖ ನೋಡಿಯೇ ಅಳತೆ ಬರೆದುಕೊಳ್ಳುತ್ತಿದ್ದನೇ ಹೊರತು ಟೇಪು ನೋಡಿ ಅಲ್ಲ. ಹೊಸ ಅಂಗಿ ತೊಟ್ಟ ದಿನ ತೋಳಿನೊಳಗೆ ನನ್ನ ಕೈ ಎಲ್ಲಿದೆಯೆಂದು ನಾನೇ ಹುಡುಕಬೇಕಾಗುತ್ತಿತ್ತು. ಚಡ್ಡಿಗಂತೂ ಉಡದಾರವೇ ಗತಿ. ಆ ಅಂಗಿ ಮೈಗೆ ಸರಿಹೋಗುವ ಹೊತ್ತಿಗೆ ಮೊಣಕೈ ಹರಿದು, ಬಣ್ಣ ಹೋಗಿ, ಪಾತ್ರೆ ಇಳಿಸುವ ಬಟ್ಟೆಯಾಗಲು ಯೋಗ್ಯವಾಗಿರುತ್ತಿತ್ತು. ಹೀಗಾಗಿ ನನ್ನ ಬಾಲ್ಯವನ್ನೆಲ್ಲ ನಾನು ನನಗಿಂತ ದೊಡ್ಡವನಾದ ಯಾವನೋ ಒಬ್ಬನ ಬಟ್ಟೆಯಲ್ಲಿ ಕಳೆದೆ. ಅವನು ಯಾರೆಂದು ನನಗೆ ಕೊನೆಗೂ ಗೊತ್ತಾಗಲಿಲ್ಲ.

ಈ ಇಡೀ ಪದ್ಧತಿಗೆ ಅವ್ವನ ಬಾಯಲ್ಲಿ ಒಂದೇ ಮಾತಿತ್ತು: "ತುಂಬ್ತಾನ." ಅಂಗಿ ದೊಡ್ಡದಾಯಿತೇ? ಇರ್ಲಿ, ತುಂಬ್ತಾನ. ಚಪ್ಪಲಿಯಲ್ಲಿ ಹಿಮ್ಮಡಿಯ ಹಿಂದೆ ಇನ್ನೊಂದು ಹಿಮ್ಮಡಿಗೆ ಜಾಗವಿದೆಯೇ? ತುಂಬ್ತಾನ. ನಾನು ಬೆಂಗಳೂರಿಗೆ ಬಂದು, ಬೆನ್ಸನ್ ಟೌನಿನ ಒಂದು ಕಟ್ಟಡ ವಿನ್ಯಾಸದ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿ, ಕಮ್ಮನಹಳ್ಳಿಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ ಹಿಡಿದು, ಮಹಾದೇವಿಯನ್ನು ಮದುವೆಯಾದ ಮೇಲೆ ಈ ಮಾತು ನನ್ನ ಮಗಳ ಪಾಲಿಗೆ ಬಂತು. ನೀಲಾ ತಿಂಗಳು ತುಂಬುವ ಮೊದಲೇ ಹುಟ್ಟಿದವಳು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ ಅವಳನ್ನು ನೋಡಿದರೆ, ಇದನ್ನು ಎತ್ತಿಕೊಳ್ಳುವುದಾದರೂ ಹೇಗೆ ಎಂದು ಭಯವಾಗುತ್ತಿತ್ತು. ಅವ್ವ ಊರಿನಿಂದ ಕುಂಚಿಗೆ ಹೊಲಿದು ತಂದಿದ್ದಳು, ತಲೆ ಮುಚ್ಚಿ ಬೆನ್ನಿನವರೆಗೂ ಇಳಿಯುವ ಕೂಸಿನ ಟೋಪಿ. ಮನೆಗೆ ಕರೆತಂದ ದಿನ ಅದನ್ನು ತೊಡಿಸಿದರೆ ಕುಂಚಿಗೆ ಕಂಡಿತೇ ಹೊರತು ಮಗು ಕಾಣಲಿಲ್ಲ. ನಾವು ಗಂಡ ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡು ನಿಂತಿದ್ದೆವು. ಅವ್ವ ಮಾತ್ರ ಅಂಚನ್ನು ಮಡಿಚಿ, ಮೂಗಿಗೆ ಗಾಳಿಯಾಡುವಂತೆ ಮಾಡಿ, "ಇರ್ಲಿ, ತುಂಬ್ತಾಳ" ಎಂದಳು. ಡಾಕ್ಟರು ಯಾರೂ ಅಷ್ಟು ಖಚಿತವಾಗಿ ಹೇಳಿರಲಿಲ್ಲ. ಆವತ್ತಿನಿಂದ ನೀಲಾಗೆ ಹೊಲಿಸಿದ ಫ್ರಾಕು, ಲಂಗ, ಶಾಲೆಯ ಯೂನಿಫಾರ್ಮು ಎಲ್ಲವೂ ಅವ್ವನ ಆ ಮಾತಿನ ಅಳತೆಯವೇ. ಅಂಚಿನಲ್ಲಿ ಎರಡೆರಡು ಮಡಿಕೆ, ಬೂಟಿನ ತುದಿಯಲ್ಲಿ ಹತ್ತಿ. ಯಾರಾದರೂ "ಸ್ವಲ್ಪ ದೊಡ್ಡದಾಯ್ತಲ್ವಾ?" ಎಂದರೆ ನನಗೆ ಒಳಗೊಳಗೇ ಸಮಾಧಾನ. ಬಟ್ಟೆ ದೊಡ್ಡದಿದೆ ಎಂದರೆ ಮಗಳು ಬೆಳೆಯುವುದು ಇನ್ನೂ ಬಾಕಿ ಇದೆ ಎಂದು ಅರ್ಥ.

ಸಹಪಾಠಿಗಳು ನೀಲಾಳನ್ನು "ಟೆಂಟ್" ಎಂದು ಕರೆಯುತ್ತಾರೆ ಎಂಬುದು ನಮಗೆ ತಿಳಿದದ್ದು ಅವಳು ನಾಲ್ಕನೆಯ ತರಗತಿಯಲ್ಲಿದ್ದಾಗ. ತೊಂಬತ್ತರ ದಶಕದ ನಡುವಿನ ಮಾತು. ಶಾಲೆಯ ವಾರ್ಷಿಕೋತ್ಸವಕ್ಕೆ ಕೆರೆಯ ಪ್ರಾಣಿಗಳ ನಾಟಕವಿತ್ತು. ಅದರಲ್ಲಿ ನೀಲಾಗೆ ಸಿಕ್ಕಿದ್ದು ಕಪ್ಪೆಯ ಪಾತ್ರ. ಮಾತು ಒಂದೂ ಇಲ್ಲ, ಆದರೆ ಒಂದು ನೆಗೆತ ಇತ್ತು. ಹಾವು ಹತ್ತಿರ ಬಂದಾಗ ಕಪ್ಪೆ ಬಂಡೆಯ ಮೇಲಿಂದ ಹಾರಿ ರಂಗದ ನಡುವೆ ಇಳಿಯಬೇಕು. ಯಾರಿಗೂ ಎದುರು ಮಾತಾಡದ ನಮ್ಮ ಹುಡುಗಿ ಅದೊಂದನ್ನು ಹಗಲೆಲ್ಲ ಮಂಚದ ಮೇಲಿಂದ ಅಭ್ಯಾಸ ಮಾಡುತ್ತಿದ್ದಳು. ಕೆಳಗಿನ ಮನೆಯವರು ಮೇಲೆ ನೋಡಿ ನೋಡಿ ಸಾಕಾಗಿ ಕೊನೆಗೆ ಪಾತ್ರ ಯಾವುದೆಂದು ವಿಚಾರಿಸಿಕೊಂಡು ಸುಮ್ಮನಾದರು. ಒಂದೇ ತೊಡಕೆಂದರೆ, ಕತ್ತಿನಿಂದ ಕಾಲಿನವರೆಗೂ ಒಂದೇ ತುಂಡಾಗಿ ಮೈಗೆ ಅಂಟಿಕೊಂಡಿರುವ ಹಸಿರು ಉಡುಪು ಬೇಕು ಎಂದು ಟೀಚರು ಹೇಳಿ ಕಳಿಸಿದ್ದರು. ಉಡುಪು ಸರಿಯಿಲ್ಲದವರು ಮರಗಳ ಗುಂಪಿಗೆ. ಮರಗಳೆಂದರೆ ಹಸಿರು ಬೆಡ್‌ಶೀಟು ಹೊದ್ದು ಹಿಂದೆ ಸಾಲಾಗಿ ನಿಂತಿರುವವರು. "ಅಪ್ಪಾ, ಟೈಟಾಗಿರ್ಬೇಕು. ನನ್ನ ಬೇರೆ ಬಟ್ಟೆ ಥರ ಇರ್ಬಾರ್ದು. ಟೆಂಟ್ ಅಂತಾರೆ ಎಲ್ರೂ" ಎಂದು ನೀಲಾ ಹೇಳಿದಾಗಲೇ ನಮಗೆ ಆ ಹೆಸರಿನ ವಿಷಯ ತಿಳಿದದ್ದು. ಮಹಾದೇವಿ ಸೆರಗಿನ ತುದಿಯನ್ನು ಸುಮ್ಮನೆ ಸುತ್ತಿಕೊಳ್ಳುತ್ತಾ ಕೂತಳು. ನಾನು, "ನೀ ಚಿಂತಿ ಮಾಡ್ಬ್ಯಾಡ, ನಕ್ಷೆ ನಾನು ಬರಿತೀನಿ" ಎಂದುಬಿಟ್ಟೆ.

ಹಾಗೆ ಹೇಳಲು ನನಗೆ ಹಕ್ಕಿತ್ತು ಎಂದೇ ನನ್ನ ನಂಬಿಕೆ. ಮೂರಂತಸ್ತಿನ ಮನೆಗಳನ್ನು, ಮದುವೆ ಛತ್ರಗಳನ್ನು ಹಾಳೆಯ ಮೇಲೆ ಬರೆದು ನಿಲ್ಲಿಸಿದವನಿಗೆ ಒಂದು ಕಪ್ಪೆ ಯಾವ ಲೆಕ್ಕ? ಮಹಾದೇವಿಗೆ ಹೊಲಿಗೆ ಬರುತ್ತಿತ್ತು, ಮನೆಯಲ್ಲಿ ಕಾಲಲ್ಲಿ ತುಳಿಯುವ ಮಿಷನ್ನೂ ಇತ್ತು. ಆದರೆ ಅವಳು ಹಳೆಯ ಬಟ್ಟೆಯನ್ನು ಹೊಸ ಬಟ್ಟೆಯ ಮೇಲಿಟ್ಟು ಕತ್ತರಿಸುವವಳು. ಕಪ್ಪೆಯಾಗಿದ್ದ ಹಳೆಯ ಬಟ್ಟೆ ನಮ್ಮಲ್ಲಿ ಯಾವುದೂ ಇರಲಿಲ್ಲ. ಹೀಗಾಗಿ ಒಂದು ಭಾನುವಾರ ಬೆಳಿಗ್ಗೆ ಮಗಳನ್ನು ನಡುಮನೆಯಲ್ಲಿ ನಿಲ್ಲಿಸಿ ನಾನು ಸರ್ವೆ ಕೆಲಸ ಶುರು ಮಾಡಿದೆ. ಎದೆ, ಸೊಂಟ, ತೋಳು, ತೊಡೆ ಎಲ್ಲ ಸುಲಭ. ಎಲ್ಲಕ್ಕಿಂತ ಮುಖ್ಯವಾದದ್ದು ಭುಜದ ಮೇಲಿಂದ ಟೇಪು ಇಳಿಸಿ, ಕಾಲುಗಳ ನಡುವೆ ಹಾಯಿಸಿ, ಬೆನ್ನ ಮೇಲೆ ಹತ್ತಿಸಿ ಮತ್ತೆ ಅದೇ ಭುಜಕ್ಕೆ ತರುವ ಸುತ್ತಳತೆ. ಅದು ಕಡಿಮೆಯಾದರೆ ಮಗು ಗೂನು ಬೆನ್ನು ಮಾಡಿಕೊಂಡೇ ಇರಬೇಕು, ಹೆಚ್ಚಾದರೆ ಉಡುಪು ಮೊಣಕಾಲಿಗೆ ಜೋತುಬೀಳುತ್ತದೆ. ನೀಲಾಗೆ ಕಚಗುಳಿ ಜಾಸ್ತಿ. ಟೇಪು ತಾಗಿದಲ್ಲೆಲ್ಲ ಅವಳು ಕುಲುಕುತ್ತಿದ್ದಳು, ನನ್ನ ಅಳತೆಯೂ ಅವಳೊಂದಿಗೆ ಕುಲುಕುತ್ತಿತ್ತು. ಮಹಾದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಏನ್ರೀ, ಕಪ್ಪಿಗೆ ಪ್ಲಾನ್ ಪಾಸಾಯ್ತೇನು? ಬಾವಿ ಯಾವ ಮೂಲಿಗೆ ಇಟ್ಟೀರಿ?" ಎಂದು ಕೇಳಿದಳು.

ನಕ್ಷೆಯನ್ನು ನಾನು ಕಚೇರಿಯಲ್ಲಿ, ಊಟದ ಬಿಡುವಿನಲ್ಲಿ ಬರೆದೆ. ಹಾಳಾದ ಪ್ರಿಂಟುಗಳ ಹಿಂಬದಿ ಅದಕ್ಕೆ ಹೇಳಿ ಮಾಡಿಸಿದ್ದು. ಇಡೀ ಮನೆಯನ್ನು ಒಂದು ಹಾಳೆಗೆ ಇಳಿಸುವುದೇ ನನ್ನ ಕೆಲಸ. ನೂರು ಪಾಲಿನಲ್ಲಿ ಒಂದು ಪಾಲಿಗೆ ಕುಗ್ಗಿಸದೆ ನಾನು ಏನನ್ನೂ ಬರೆದವನಲ್ಲ. ಜೀವನದಲ್ಲಿ ಮೊದಲ ಸಲ ಒಂದನ್ನು ಇದ್ದಷ್ಟೇ ದೊಡ್ಡದಾಗಿ ಬರೆಯುತ್ತಿದ್ದೆ, ಅದೂ ನನ್ನ ಮಗಳನ್ನು. ಅವಳ ಭುಜದ ಇಳಿಜಾರು, ತೋಳು ಕೂರುವ ದುಂಡು, ತೊಡೆಯ ತಿರುವು ಎಲ್ಲವನ್ನೂ ಕಮಾನು ಬರೆಯುವ ಪಟ್ಟಿಯಿಂದ ಎಳೆಯುವಾಗ ಕೈ ತಾನಾಗಿ ಮೆತ್ತಗಾಗುತ್ತಿತ್ತು. ಹಿಂಭಾಗದ ನಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಸಾಹೇಬರು ಬೆನ್ನ ಹಿಂದೆ ಬಂದು ನಿಂತಿದ್ದರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಇದು ಯಾವ ಸೈಟ್ರೀ?" ಎಂದರು. "ಹೊರಮಾವು ಕಡೆ ಸರ್" ಎಂದೆ. ಆಗ ಆ ಕಡೆ ಹೊಲ ತೋಟಗಳನ್ನು ಕೊಯ್ದು ಸೈಟು ಮಾಡುತ್ತಿದ್ದರು, ಯಾವ ಆಕಾರದ ಸೈಟು ಬಂದರೂ ನಂಬಬಹುದಿತ್ತು. ಸಾಹೇಬರು ಕಪ್ಪೆಯ ಪೃಷ್ಠದ ಮೇಲೆ ಬೆರಳಿಟ್ಟು, "ಈ ಭಾಗ ಉಬ್ಬಿದೆಯಲ್ಲ, ಕೆರೆ ಏನಾದ್ರೂ ಇದ್ಯಾ? ರಸ್ತೆ ಯಾವ ಕಡೆ ಬರುತ್ತೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಪಾರ್ಟಿಗೆ ಹೇಳಿ, ಸುತ್ತ ಜಾಗ ಧಾರಾಳವಾಗಿ ಬಿಡ್ಲಿ" ಎಂದು ಹೋದರು. ಆ ಸಲಹೆ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ನಾನು ಆಗಲೇ ಧಾರಾಳವಾಗಿ ಬಿಟ್ಟಿದ್ದೆ. ಗಾಳಿ ಬೆಳಕಿಗೆ ಕಟ್ಟಡದ ಸುತ್ತ ಬಿಡುವಂತೆ ಮಗಳ ಸುತ್ತಲೂ ಒಂದಷ್ಟು, ಅದರ ಮೇಲೆ ಹೊಲಿಗೆಗೆ ಒಂದಷ್ಟು, ಅದರ ಮೇಲೆ ಅವ್ವನ ಹೆಸರಿನಲ್ಲಿ ಇನ್ನೊಂದಷ್ಟು.

ಬಟ್ಟೆಯನ್ನು ಶಿವಾಜಿನಗರದಲ್ಲಿ ತಂದೆವು. ಅಂಗಡಿಯ ಸಾಹೇಬರು ಗಿಳಿಹಸಿರು ಬಣ್ಣದ, ಮಿರಮಿರ ಮಿಂಚುವ ಬಟ್ಟೆಯೊಂದನ್ನು ಹಾಸಿ, ಎರಡೂ ಕೈಯಲ್ಲಿ ಹಿಡಿದು ಎಳೆದು ತೋರಿಸಿದರು. "ಖೀಂಚ್‌ಕೆ ದೇಖೋ ಸಾಬ್, ಎಷ್ಟ್ ಬೇಕಾದ್ರೂ ಬರ್ತದೆ, ವಾಪಸ್ ಭೀ ಹೋಗ್ತದೆ" ಎಂದರು. ನೀಲಾ ಒಂದು ತುದಿ, ನಾನು ಇನ್ನೊಂದು ತುದಿ ಹಿಡಿದು ಅಂಗಡಿಯ ಬಾಗಿಲವರೆಗೂ ಎಳೆದು ನೋಡಿದೆವು. ಎಷ್ಟು ಒಳ್ಳೆಯ ಬಟ್ಟೆ, ಮಗು ಬೆಳೆದಂತೆ ತಾನೂ ಬೆಳೆಯುತ್ತದೆ ಎಂದು ನನಗೆ ಹರ್ಷವೋ ಹರ್ಷ. ಅದು ಹೀಗೆ ಹಿಗ್ಗುವುದಾದರೆ ನಾನು ಸುತ್ತಲೂ ಬಿಟ್ಟ ಜಾಗ ಏತಕ್ಕೆ ಎಂಬ ಪ್ರಶ್ನೆ ಮಾತ್ರ ಹೊಳೆಯಲಿಲ್ಲ.

ಮಹಾದೇವಿ ಬೈದುಕೊಂಡೇ ಹೊಲಿದಳು. ಆ ಬಟ್ಟೆ ಸೂಜಿಯ ಕೆಳಗೆ ನಿಲ್ಲುತ್ತಿರಲಿಲ್ಲ, ಮುಟ್ಟಿದರೆ ಜಾರುತ್ತಿತ್ತು. ಹೊಲಿದ ಮೇಲೆ ಎಳೆದರೆ ದಾರ ಚಟ್ಟನೆ ಹರಿಯುತ್ತಿತ್ತು. ಬಟ್ಟೆಯನ್ನು ಸ್ವಲ್ಪ ಎಳೆದು ಹಿಡಿದೇ ಹೊಲಿದರೆ ದಾರ ಉಳಿಯುತ್ತದೆ ಎಂದು ಅವಳು ಕಂಡುಕೊಂಡಳು. ನಾನು ಕುರ್ಚಿ ಹಾಕಿಕೊಂಡು ಕೂತು ಬಟ್ಟೆಯ ಹಿಂದಿನ ತುದಿ ಎಳೆಯುವ ಕೆಲಸ ಮಾಡಿದೆ. ಉಡುಪು ಸಿದ್ಧವಾಯಿತು. ನೀಲಾ ಒಳಗೆ ಹೋಗಿ ತೊಟ್ಟುಕೊಂಡು ಬಂದಳು. ತೋಳುಗಳು ಬಳೆಬಳೆಯಾಗಿ ಕೈಯ ಮೇಲೆ ಕೂತಿದ್ದವು, ಹೊಟ್ಟೆಯ ಮುಂದೆ ಇನ್ನೊಂದು ಕಪ್ಪೆಗೆ ಜಾಗವಿತ್ತು, ಕಾಲುಗಳ ನಡುವಿನ ಹೊಲಿಗೆ ಮೊಣಕಾಲಿನ ಬಳಿ ತೂಗಾಡುತ್ತಿತ್ತು. "ಒಂದ್ಸಲ ಹಾರು ನೋಡೋಣ" ಎಂದೆ, ಹಾರಿದರೆ ಸರಿಹೋಗಬಹುದು ಎಂಬಂತೆ. ಅವಳು ಮಂಚ ಹತ್ತಿ ಹಾರಿದಳು. ನೀಲಾ ಹಾರಿದಳು, ಉಡುಪು ಹಾರಲಿಲ್ಲ. ಜೋತ ಬಟ್ಟೆಗೆ ಕಾಲು ಸಿಕ್ಕಿ ಮಗು ಅಂಗಾತ ಬಿತ್ತು. ಏಟಾಗಲಿಲ್ಲ, ಅಳಲೂ ಇಲ್ಲ. ಎದ್ದು ಒಳಗೆ ಹೋಗಿ, ಉಡುಪು ಬಿಚ್ಚಿ, ಶಾಲೆಯ ಯೂನಿಫಾರ್ಮನ್ನು ಮಡಿಚುವಷ್ಟೇ ಅಚ್ಚುಕಟ್ಟಾಗಿ ಮಡಿಚಿ ತಂದು ನನ್ನ ತೊಡೆಯ ಮೇಲಿಟ್ಟಳು. "ಪರ್ವಾಗಿಲ್ಲಪ್ಪ, ಮರಾನೂ ಚೆನ್ನಾಗಿರುತ್ತೆ" ಎಂದಳು. ಅವಳು ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಅವಳೇ ನನ್ನನ್ನು ಸಮಾಧಾನ ಮಾಡಲು ಶುರುಮಾಡಿದ್ದಳು.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ನೀಲಾ ಕಾಲುಚೀಲವನ್ನು ಕೈಗೆ ತೊಟ್ಟು ಬೊಂಬೆಯ ಹಾಗೆ ಬಾಯಿ ಆಡಿಸುತ್ತಿದ್ದಳು, ಅದು ಅವಳ ದಿನನಿತ್ಯದ ಆಟ. ನಾನು ಅಲ್ಲೇ ಕೂತು ನನ್ನ ಕಾಲುಚೀಲ ಹಾಕಿಕೊಳ್ಳುತ್ತಿದ್ದೆ. ತೊಡುವ ಮೊದಲು ಅದು ಮಗುವಿನ ಕಾಲಿಗಾಗುವಷ್ಟೇ ಇತ್ತು. ತೊಟ್ಟ ಮೇಲೆ ನನ್ನ ಇಷ್ಟುದ್ದದ ಪಾದವನ್ನು ಮುಚ್ಚಿ, ಎಲ್ಲೂ ಸುಕ್ಕಿಲ್ಲದೆ ಕೂತಿತ್ತು. ನಾನು ಅದನ್ನು ಬಿಚ್ಚಿದೆ, ಹಾಕಿದೆ, ಮತ್ತೆ ಬಿಚ್ಚಿದೆ. "ನೋಡು, ಇದು ಕಾಲಿಗಿಂತ ಸಣ್ಣದದ, ಅದಕ್ಕೇ ಕಾಲಿಗೆ ಸರಿಯಾಗ್ಯಾದ!" ಎಂದು ಕೂಗಿದೆ. ಮಹಾದೇವಿ ಡಬ್ಬಿಯ ಮುಚ್ಚಳ ಹಾಕುತ್ತಾ, "ಇಷ್ಟ್ ವರ್ಷ ಕಾಲುಚೀಲ ಹಾಕ್ಕೊಂಡ್ರಿ, ಇವತ್ತ್ ಕಂಡ್ತೇನು?" ಎಂದಳು. ಹಿಗ್ಗುವ ಬಟ್ಟೆಯ ಉಡುಪನ್ನು ಮೈಯ ಅಳತೆಗಿಂತ ಚಿಕ್ಕದಾಗಿ ಬರೆಯಬೇಕು. ಎಷ್ಟು ಚಿಕ್ಕದು ಎಂಬುದನ್ನು ಬಟ್ಟೆಯೇ ಹೇಳುತ್ತದೆ. ಒಂದು ಗೇಣು ಬಟ್ಟೆಯನ್ನು ಅಳತೆಪಟ್ಟಿಯ ಪಕ್ಕದಲ್ಲಿ ಹಿತವಾಗಿ ಎಳೆದು, ಎಷ್ಟು ಬರುತ್ತದೆಂದು ನೋಡಿದರಾಯಿತು. ಅಡ್ಡಕ್ಕೆ ಹೆಚ್ಚು ಬರುತ್ತಿತ್ತು, ಉದ್ದಕ್ಕೆ ಕಡಿಮೆ. ಲೆಕ್ಕ ಚಹಾ ಕುಡಿದಷ್ಟು ಸುಲಭವಾಗಿತ್ತು.

ಲೆಕ್ಕ ಸುಲಭ, ಗೆರೆ ಎಳೆಯುವುದು ಕಷ್ಟ. ಮಗಳ ಸೊಂಟ ಇಷ್ಟು ಎಂದು ಗೊತ್ತಿದ್ದೂ ಅದಕ್ಕಿಂತ ಒಳಗೆ ಪೆನ್ಸಿಲು ಇಡಲು ನನ್ನ ಕೈ ಬರಲಿಲ್ಲ. ಹಾಳೆಯ ಮೇಲೆ ಅವಳ ಹೊರಗೆರೆ ಸಣ್ಣದಾಗುತ್ತಾ ಹೋದಂತೆ ನನಗೆ ಗಾಜಿನ ಪೆಟ್ಟಿಗೆ ನೆನಪಾಗುತ್ತಿತ್ತು. ಇಷ್ಟು ವರ್ಷ ಕೂಡಿಸಿ ಕೂಡಿಸಿ ಇಷ್ಟು ದೊಡ್ಡದು ಮಾಡಿದ ಮಗುವನ್ನು ನನ್ನ ಕೈಯಾರೆ ಕಳೆಯುವುದೇ? ಆದ್ದರಿಂದ ಎದೆಯ ಬಳಿ ಕೂದಲೆಳೆಯಷ್ಟು ಹೊರಗೆ ಎಳೆದೆ. ತೋಳಿನ ಬಳಿ ಪೆನ್ಸಿಲಿನ ದಪ್ಪದಷ್ಟು. ಸೊಂಟದ ಬಳಿ ಉಸಿರಾಡಲಿ ಎಂದು ಇನ್ನಷ್ಟು. ಎಲ್ಲ ಕೂಡಿಸಿದಾಗ ಕಪ್ಪೆ ಮತ್ತೆ ಟೆಂಟಿನ ದಾರಿ ಹಿಡಿದಿತ್ತು. ಮಹಾದೇವಿ ಮೊದಲ ಉಡುಪನ್ನು ಬಿಚ್ಚಿ ಹಾಸಿ, ಅದರ ಮೇಲೆ ನನ್ನ ಹೊಸ ನಕ್ಷೆ ಇಟ್ಟು ನೋಡಿದಳು. ಅವಳ ಕಣ್ಣಿಗೆ ಮಣ್ಣೆರಚುವುದು ಸಾಧ್ಯವಿಲ್ಲ. "ಮತ್ತ ದೊಡ್ದ ಮಾಡೀರಲ್ರಿ" ಎಂದಳು. ನಾನು ಏನೇನೋ ಹೇಳಲು ಹೋಗಿ, ಕೊನೆಗೆ ಕುಂಚಿಗೆಯ ಮಾತು ತೆಗೆದೆ. ನಿನಗೆ ನೆನಪಿಲ್ಲವಾ, ಮುಖವೇ ಕಂಡಿರಲಿಲ್ಲ ಎಂದೆ. ಅವಳು ಕತ್ತರಿ ತೆಗೆದುಕೊಂಡು, "ಬಟ್ಟಿ ಸಣ್ದಾದ್ರ ಮಗಳು ಸಣ್ಣಾಕಿ ಆಗ್ತಾಳೇನ್ರೀ? ಹೊರಗ್ ಹೋಗಿ ನಿಂದರ್ರಿ, ಹೋಗ್ರಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಬಾಲ್ಕನಿಗೆ ಹೋಗಿ ರಸ್ತೆ ನೋಡುತ್ತಾ ನಿಂತೆ. ಒಳಗೆ ಕತ್ತರಿ ನನ್ನ ಗೆರೆಯ ಒಳಗೊಳಗೇ ಕಚಕಚ ನಡೆಯುತ್ತಿರುವುದು ಕೇಳಿಸುತ್ತಿತ್ತು. ಹೊಸ ಬಟ್ಟೆ ತರುವ ಪ್ರಮೇಯವೇ ಬರಲಿಲ್ಲ. ಮೊದಲ ಕಪ್ಪೆಯ ಹೊಟ್ಟೆಯೊಳಗೇ ಎರಡನೆಯ ಕಪ್ಪೆ ಸಿಕ್ಕಿತು, ಜೊತೆಗೆ ಕೈಬೆರಳುಗಳ ನಡುವೆ ಹೊಲಿಯುವ ಜಾಲಕ್ಕೂ ಬಟ್ಟೆ ಉಳಿಯಿತು.

ಹೊಲಿದು ಮುಗಿದು ಮೇಜಿನ ಮೇಲೆ ಮಲಗಿದ್ದ ಆ ಉಡುಪನ್ನು ನೋಡಿದರೆ ಅದು ಅಂಗನವಾಡಿಯ ಮಗುವಿನದು ಎನ್ನಬೇಕು. ನನಗೆ ನೋಡಲಾಗಲಿಲ್ಲ. ನೀಲಾ ಮಂಚದ ಮೇಲೆ ಕೂತು ಕಾಲುಗಳನ್ನು ತುರುಕಿದಳು, ಮಹಾದೇವಿ ಎಳೆದಳು, ಇಬ್ಬರೂ ನಕ್ಕು ನಕ್ಕು ಸುಸ್ತಾದರು, ತೋಳು ಏರಿತು, ಬೆನ್ನ ಹಿಂದಿನ ಜಿಪ್ಪು ಮೇಲೆ ಹೋಯಿತು. ಆಮೇಲೆ ಅವಳು ನೆಟ್ಟಗೆ ಎದ್ದು ನಿಂತಳು. ಎಲ್ಲೂ ಒಂದು ಸುಕ್ಕಿರಲಿಲ್ಲ. ಆ ಪುಟ್ಟ ಬಟ್ಟೆ ಅವಳೊಂದಿಗೆ ಅಷ್ಟೂ ಎತ್ತರಕ್ಕೆ ಎದ್ದಿತ್ತು. ನಾನು ಅವಳನ್ನು ದಿನವೂ ನೋಡುತ್ತಿದ್ದವನು, ಆದರೂ ಈ ಹುಡುಗಿಯನ್ನು ನೋಡಿರಲಿಲ್ಲ. ಉದ್ದನೆಯ ಕಾಲುಗಳು, ಗಟ್ಟಿ ಮೀನಖಂಡ, ನನ್ನ ಅಪ್ಪನದೇ ಆದ ಚೌಕ ಭುಜ. ಸಡಿಲ ಫ್ರಾಕುಗಳ ಒಳಗೆ ನಮಗೆ ಹೇಳದೆ ಕೇಳದೆ ಮಗಳು ಇಷ್ಟು ದೊಡ್ಡವಳಾಗಿದ್ದಳು. ಅವಳು ಬೆಳೆಯಲಿ ಎಂದು ದೊಡ್ಡ ಬಟ್ಟೆ ಹೊಲಿಸುತ್ತಾ, ಆ ಬಟ್ಟೆಯ ದೆಸೆಯಿಂದಲೇ ಅವಳು ಬೆಳೆದದ್ದನ್ನು ನಾನು ನೋಡದೆ ಉಳಿದಿದ್ದೆ. ಅವ್ವ ಬದುಕಿದ್ದರೆ ಪತ್ರ ಬರೆಯುತ್ತಿದ್ದೆ. ಮಹಾದೇವಿ ಮೆಲ್ಲಗೆ, "ತುಂಬ್ಯಾಳ್ರಿ" ಎಂದಳು.

ವಾರ್ಷಿಕೋತ್ಸವದ ದಿನ ನಾವು ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದೆವು. ಹಾವು ಬಂತು. ಬಂಡೆಯೆಂದು ಇಟ್ಟಿದ್ದ ಮೇಜಿನ ಮೇಲೆ ಕಪ್ಪೆ ಕುಕ್ಕರಗಾಲಿನಲ್ಲಿ ಕೂತಿತ್ತು. ಮಹಾದೇವಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು, "ದಾರ ತಡೀಲಪ್ಪಾ" ಎಂದು ಮನೆದೇವರಿಗೆ ಹೇಳಿಕೊಳ್ಳುತ್ತಿದ್ದಳು. ನಾನು ಎಲ್ಲ ಕಟ್ಟಡಗಳ ಬಗ್ಗೆ ಪಟ್ಟ ಭಯವನ್ನೂ ಒಟ್ಟಿಗೆ ಪಡುತ್ತಿದ್ದೆ. ನೀಲಾ ಹಾರಿದಳು. ಕೈಕಾಲುಗಳನ್ನು ಪೂರ್ತಿ ಚಾಚಿ, ಬೆಳಕಿನಲ್ಲಿ ಮಿರಮಿರ ಮಿಂಚುತ್ತಾ, ಅಭ್ಯಾಸದಲ್ಲಿ ಎಂದೂ ಹಾರದಷ್ಟು ದೂರ ಹಾರಿ ರಂಗದ ನಡುವೆ ಇಳಿದಳು. ಮಕ್ಕಳೆಲ್ಲ ಓ ಎಂದು ಕೂಗಿದರು. ಹಿಂದಿನ ಸಾಲಿನ ಮರಗಳೂ ತಾವು ಮರಗಳೆಂಬುದನ್ನು ಮರೆತು ಚಪ್ಪಾಳೆ ತಟ್ಟಿದವು. ಕಂಕುಳಲ್ಲಿ ಒಂದಿಷ್ಟು ದಾರ ಬಿಟ್ಟಿತ್ತಂತೆ, ಮನೆಗೆ ಬಂದ ಮೇಲೆ ಗೊತ್ತಾಯಿತು. ಆಮೇಲೆ ಶಾಲೆಯಲ್ಲಿ ಅವಳನ್ನು ಕಪ್ಪೆ ಎಂದು ಕರೆಯತೊಡಗಿದರು. ಅವಳಿಗೆ ಅದರಿಂದ ಏನೂ ಬೇಸರವಿರಲಿಲ್ಲ. ಆ ಉಡುಪು ಮುಂದಿನ ಮಳೆಗಾಲದ ಹೊತ್ತಿಗೆ ಅವಳ ಮೊಣಕಾಲಿನಿಂದ ಮೇಲೆ ಹತ್ತಲಿಲ್ಲ. ನಮ್ಮ ವಂಶದಲ್ಲಿ ಹರಿಯದೆ, ಬಣ್ಣ ಹೋಗದೆ, ಚಿಕ್ಕದಾಗಿ ಉಳಿದುಹೋದ ಮೊದಲ ಬಟ್ಟೆ ಅದು. ಕುಂಚಿಗೆಯ ಜೊತೆ ಅದನ್ನೂ ಟ್ರಂಕಿನಲ್ಲಿ ಇಟ್ಟಿದ್ದೇವೆ.

ಇಷ್ಟೆಲ್ಲ ಕಲಿತವನು ನಾನು ಎಂದು ಇಲ್ಲಿಗೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಮೊನ್ನೆ ನೀಲಾ ತನ್ನ ಮೊದಲ ಸಂಬಳದಲ್ಲಿ ನನಗೊಂದು ಪ್ಯಾಂಟು ಕೊಡಿಸಬೇಕೆಂದು ಇಂದಿರಾನಗರದ ಅಂಗಡಿಗೆ ಕರೆದೊಯ್ದಳು. ಅವಳೀಗ ಕ್ಯಾಂಟೋನ್ಮೆಂಟಿನ ಒಂದು ಶಾಲೆಯಲ್ಲಿ ಆಟದ ಟೀಚರು, ನನಗಿಂತ ಎತ್ತರ. ಅಂಗಡಿಯ ಹುಡುಗ ಪ್ಯಾಂಟೊಂದನ್ನು ತೆಗೆದು, ಸೊಂಟದ ಬಳಿ ಎರಡೂ ಕೈಯಲ್ಲಿ ಎಳೆದು ತೋರಿಸಿ, "ಸ್ಟ್ರೆಚ್ ಇದೆ ಸಾರ್, ಒಂದ್ ಸೈಜ್ ಕಮ್ಮಿನೇ ತಗೊಳ್ಳಿ, ಫಿಟ್ಟಾಗಿ ಕೂತ್ಕೊಳ್ಳುತ್ತೆ" ಎಂದ. ಆ ಶಾಸ್ತ್ರವನ್ನು ಅವನಿಗಿಂತ ಮೊದಲೇ ಒಂದು ಕಾಲುಚೀಲದಿಂದ ಕಲಿತವನು ನಾನು. ಆದರೂ ಬಾಯಿಗೆ ಬಂದದ್ದು, "ಬೇಡಪ್ಪ, ಒಂದು ಸೈಜ್ ದೊಡ್ಡದೇ ಕೊಡು" ಎಂದೇ. ಹುಡುಗ ಗೊಂದಲದಿಂದ ನೀಲಾಳ ಕಡೆ ನೋಡಿದ. ಅವಳು ನನ್ನ ಮುಖ ನೋಡಿದಳು, ಆಮೇಲೆ ಬಹಳ ಹೊತ್ತು ನನ್ನ ಹೊಟ್ಟೆ ನೋಡಿದಳು. ಬೆಂಗಳೂರಿನ ಮಾತೇ ಆಡುವ ನನ್ನ ಮಗಳು ದೊಡ್ಡ ಪ್ಯಾಂಟನ್ನು ಕೈಗೆತ್ತಿಕೊಂಡು, ಥೇಟ್ ಅವ್ವನ ದನಿಯಲ್ಲಿ, "ಇರ್ಲಿ ಕೊಡ್ರಿ, ತುಂಬ್ತಾರ" ಎಂದಳು.